ಒದ್ದೆಕೈಯವನ ಬಿಳಿ ಗ್ಲೌಸು

ಇದ್ದಲು ಉರಿಯುತ್ತದೆ. ಇದು ಯಾರೂ ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ. ನೀವು ಕೂತ ವಿಮಾನ ನೆಲಕ್ಕಿಳಿದು ಓಡುವಾಗ ಅದನ್ನು ಹಿಡಿದು ನಿಲ್ಲಿಸುವುದೂ ಎಷ್ಟೋ ಸಲ ಇದ್ದಲಿನ ಕುಲಕ್ಕೆ ಸೇರಿದ ವಸ್ತುವೇ. ಇದು ನಿಮಗೆ ಗೊತ್ತಿರಲಿಕ್ಕಿಲ್ಲ, ಏಕೆಂದರೆ ನೀವು ಕೇಳಿಲ್ಲ. ಇಳಿದ ಕೂಡಲೇ ಎದ್ದು ನಿಂತು ತಲೆಯ ಮೇಲಿನ ಚೀಲ ಎಳೆಯುವ ಅವಸರ ನಿಮ್ಮದು.

ಇಂಗಾಲದ ಎಳೆಗಳನ್ನು ಇಂಗಾಲದಲ್ಲೇ ಬೆಸೆದು, ದಪ್ಪ ಬಿಲ್ಲೆಗಳನ್ನಾಗಿ ಮಾಡಿ, ವಿಮಾನದ ಚಕ್ರದೊಳಗೆ ಒಂದರ ಪಕ್ಕ ಒಂದರಂತೆ ಕೂರಿಸಿರುತ್ತಾರೆ. ಬ್ರೇಕ್ ಒತ್ತಿದಾಗ ಬಿಲ್ಲೆಗೆ ಬಿಲ್ಲೆ ಉಜ್ಜಿ ಕೆಂಡವಾಗುತ್ತವೆ. ಕೆಂಡಕ್ಕೆ ಗಾಳಿ ತಾಗಿದರೆ ಏನಾಗುತ್ತದೆಂದು ಒಲೆ ಊದಿದವರಿಗೆಲ್ಲ ಗೊತ್ತು. ಬಿಲ್ಲೆ ಒಳಗೊಳಗೇ ಸವೆದು, ಹೊರಗೆ ಗಟ್ಟಿಯಾಗಿ ಕಂಡರೂ ಗೆದ್ದಲು ತಿಂದ ಮರದ ಹಾಗೆ ಟೊಳ್ಳಾಗುತ್ತದೆ. ಹಾಗಾಗದಿರಲೆಂದು ಉಜ್ಜುವ ಮುಖ ಬಿಟ್ಟು ಮಿಕ್ಕ ಅಂಚುಗಳಿಗೆಲ್ಲ ಫಾಸ್ಫೇಟಿನ ದ್ರಾವಣವೊಂದನ್ನು ಕುಂಚದಿಂದ ಬಳಿದು, ದೊಡ್ಡ ಓವನ್ನಿನಲ್ಲಿಟ್ಟು ಬೇಯಿಸುತ್ತಾರೆ. ಅದು ಬಿಲ್ಲೆಯ ಸಣ್ಣ ಸಣ್ಣ ರಂಧ್ರಗಳೊಳಗೆ ಇಳಿದು ಗಾಳಿಯನ್ನು ತಡೆಯುತ್ತದೆ. ನಾನು ಹೇಳಹೊರಟಿರುವ ಕಾರ್ಖಾನೆಯಲ್ಲಿ ಅದಕ್ಕೆ ಮದ್ದು ಅನ್ನುತ್ತಾರೆ. ಆ ಮದ್ದಿಗೆ ಒಂದು ಹಗೆ ಇದೆ. ಉಪ್ಪು. ಮದ್ದು ಬಳಿಯುವ ಮೊದಲೇ ಬಿಲ್ಲೆಗೆ ಉಪ್ಪಿನಂಶ ತಾಗಿದ್ದರೆ, ಆ ಜಾಗಕ್ಕೆ ಬೇಗ ಬೆಂಕಿ ಹತ್ತುತ್ತದೆ, ಮೇಲೆ ಎಷ್ಟು ಬಳಿದರೂ ಅಷ್ಟೇ.

ಇಂಥ ಕಡೆ ಕೆಲಸಕ್ಕೆ ಸೇರಿದವನು ಒದ್ದೆಕೈ.

ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಶಾಲೆಯಲ್ಲಿ ಅವನು ಬರೆದ ಸ್ಲೇಟು ಅವನ ಅಂಗೈಯಿಂದಲೇ ಅಳಿಸಿ ಹೋಗುತ್ತಿತ್ತು. ಪರೀಕ್ಷೆಯ ಹಾಳೆಗಳು ಅವನ ಕೈಕೆಳಗೆ ಸುಕ್ಕಾಗುತ್ತಿದ್ದವು. ಕಬಡ್ಡಿಯಲ್ಲಿ ಅವನು ಹಿಡಿದವರು ಜಾರಿಕೊಂಡು ಹೋಗುತ್ತಿದ್ದರು. ಚಳಿಯಲ್ಲೂ ಅವನ ಅಂಗೈ ಬೆವರುತ್ತಿತ್ತು. ಡಾಕ್ಟರು ನೋಡಿ, ಇದು ಕಾಯಿಲೆಯೇನಲ್ಲ, ಕೆಲವರ ಮೈ ಹೀಗೆ ಅಂದರು. ಕಾಯಿಲೆಯಾಗಿದ್ದರೆ ಜನ ಅಯ್ಯೋ ಪಾಪ ಅನ್ನುತ್ತಿದ್ದರು. ಅಲ್ಲವೆಂದ ಮೇಲೆ ನಗುವುದಕ್ಕೆ ಪರವಾನಗಿ ಸಿಕ್ಕಿತು. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ, ಹೊಸ ಬಟ್ಟೆಯ ಮೇಲೆ ಬೆರಳಿನ ಗುರುತು ಬೀಳುತ್ತದೆಂದು ಬಿಡಿಸಿದರು. ಪ್ರೆಸ್ಸಿನಲ್ಲಿ ಕಾಗದ ಎಣಿಸಲು ಇಟ್ಟುಕೊಂಡವರು, ಕಾಗದ ನೆನೆಸಲು ನಮಗೆ ಬೇರೆ ಆಳಿದ್ದಾನೆ ಅಂದರು. ಯಾರಿಗಾದರೂ ಕೈ ಕೊಟ್ಟರೆ ಅವರು ಮಾತಾಡುತ್ತಲೇ ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತಿದ್ದರು. ಅವರಿಗೆ ಅದು ಗೊತ್ತೂ ಆಗುತ್ತಿರಲಿಲ್ಲ. ಅವನಿಗೆ ಮಾತ್ರ ಪ್ರತಿ ಸಲವೂ ಗೊತ್ತಾಗುತ್ತಿತ್ತು.

ಒರೆಸಿಕೊಳ್ಳದೆ ಇದ್ದವಳು ಒಬ್ಬಳೇ. ತುಂಬಿದ ಬಸ್ಸಿನ ಮೆಟ್ಟಿಲ ಮೇಲೆ ಬೀಳುವುದರಲ್ಲಿದ್ದಳು, ಇವನು ಕೈ ಚಾಚಲೋ ಬೇಡವೋ ಎಂದು ಅನುಮಾನಿಸುತ್ತಿರುವಾಗ ಅವಳೇ ಹಿಡಿದುಕೊಂಡು ಹತ್ತಿದಳು.

"ಸಾರಿ, ಕೈ ಸ್ವಲ್ಪ ಒದ್ದೆ" ಅಂದ.

"ಇರ್ಲಿ ಬಿಡಿ. ನಿಮ್ಮ ಕೈಲಾದ್ರೂ ನೀರು ಬರುತ್ತಲ್ಲ, ನಮ್ಮನೆ ನಲ್ಲೀಲಿ ಅದೂ ಇಲ್ಲ" ಅಂದಳು.

ಮದುವೆಯಾಗಲು ಅವನಿಗೆ ಅಷ್ಟು ಸಾಕಾಯಿತು. ಅವಳಿಗೆ ಯಾಕೆ ಸಾಕಾಯಿತೋ ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಬ್ರೇಕ್ ಬಿಲ್ಲೆಗಳ ಕಾರ್ಖಾನೆಗೆ ಸೇರುವಾಗ ಅವನು ಏನನ್ನೂ ಮುಚ್ಚಿಡಲಿಲ್ಲ. ಸೂಪರ್‌ವೈಸರ್ ಮುಂದೆ ಎರಡೂ ಅಂಗೈ ಚಾಚಿ ತೋರಿಸಿದ. ಸೂಪರ್‌ವೈಸರ್ ಆಗ ಒಳ್ಳೆಯ ಹದದಲ್ಲಿದ್ದ. "ಅದಕ್ಕೇನಂತೆ. ಗ್ಲೌಸ್ ಹಾಕಿದ್ಮೇಲೆ ಎಲ್ಲರ ಕೈಯೂ ಒಂದೇ ಕಣಯ್ಯ" ಅಂದ.

ಈ ಒಂದು ಮಾತನ್ನು ಅವನು ಮನೆಗೆ ಬಂದು ಹೆಂಡತಿಗೆ ಹೇಳಿದ, ಮಾರನೆಯ ದಿನ ಮತ್ತೆ ಹೇಳಿದ, ಬಳಗದ ಮದುವೆಯೊಂದರಲ್ಲಿ ಗುರುತಿಲ್ಲದವರಿಗೂ ಹೇಳಿದ. ಹುಟ್ಟಿದಾಗಿನಿಂದ ಅವನನ್ನು ಮಂದಿಯಿಂದ ಬೇರೆ ಮಾಡಿದ್ದ ಕೈ ಈಗ ಬಟ್ಟೆಯ ಹೊದಿಕೆಯೊಳಗೆ ಎಲ್ಲರ ಕೈಯಂತಾಗಿತ್ತು. ಅವನಿಗೆ ಬೇಕಾಗಿದ್ದುದು ಅಷ್ಟೇ, ಅದಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲ.

ಸವೆದು ದುರಸ್ತಿಗೆ ಬಂದ ಬಿಲ್ಲೆಗಳನ್ನು ತೊಳೆಯುವ ತೊಟ್ಟಿಯಿಂದ ಒಣಗಿಸುವ ಓವನ್ನಿಗೂ, ಅಲ್ಲಿಂದ ಮದ್ದು ಬಳಿಯುವ ಮೇಜಿಗೂ ಹೊತ್ತು ಸಾಗಿಸುವುದು ಅವನ ಕೆಲಸ. ಮೇಜಿನಲ್ಲಿ ಕುಂಚದವನು ಕೂತಿರುತ್ತಿದ್ದ. ಇಬ್ಬರ ಮನೆಯೂ ಒಂದೇ ಬೀದಿಯಲ್ಲಿ. ಕುಂಚದವನ ಬಾಯಿ ಅವನ ಕುಂಚಕ್ಕಿಂತ ಚುರುಕು. ಮದ್ದು ನೀರಿನಂತೆ ಬಣ್ಣವಿಲ್ಲದ್ದು. ಕಪ್ಪು ಬಿಲ್ಲೆಯ ಮೇಲೆ ಒಣಗಿದರೆ ಬಳಿದದ್ದೂ ಬಳಿಯದ್ದೂ ಒಂದೇ ಥರ ಕಾಣುತ್ತದೆ. "ನನ್ನ ಕೆಲಸ ನೋಡು, ಮಾಡಿದ್ರೂ ಕಾಣಲ್ಲ. ನಿನ್ನ ಕೈ ನೋಡು, ಮಾಡದೇ ಇದ್ರೂ ಗುರುತು ಬಿಡುತ್ತೆ" ಎಂದು ನಗಿಸುತ್ತಿದ್ದ. ಒದ್ದೆಕೈಯೂ ನಗುತ್ತಿದ್ದ. ಅಲ್ಲಿ ನಗಬಹುದಾಗಿತ್ತು.

ಮೊದಮೊದಲು ಪಾಳಿ ಶುರುವಾಗುವಾಗ ಹೊಸ ಹತ್ತಿಯ ಗ್ಲೌಸು ಕೊಡುತ್ತಿದ್ದರು, ಮುಚ್ಚಿದ ಪೊಟ್ಟಣದಲ್ಲಿ. ಆಮೇಲೆ ಮೇಲಿನವರು ಯಾರೋ ಖರ್ಚಿನ ಕಡೆ ಕಣ್ಣು ಹಾಯಿಸಿದರು. ಯಂತ್ರ ಕಡಿಮೆ ಮಾಡುವ ಹಾಗಿಲ್ಲ, ಮದ್ದು ಕಡಿಮೆ ಮಾಡುವ ಹಾಗಿಲ್ಲ, ಅವರ ಕಾರಂತೂ ಕಡಿಮೆ ಮಾಡುವ ಹಾಗೇ ಇಲ್ಲ. ಕೈಗೆ ಸಿಕ್ಕಿದ್ದು ಗ್ಲೌಸು. ಇನ್ನು ಮುಂದೆ ಕೊಟ್ಟ ಜೊತೆಯನ್ನೇ ಮನೆಯಲ್ಲಿ ಒಗೆದು ತರಬೇಕು, ಅಚ್ಚ ಬಿಳಿ ಇರಬೇಕು, ಬಿಳಿ ಇಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ಬೆಳಿಗ್ಗೆ ಬಾಗಿಲಲ್ಲಿ ಎಲ್ಲರೂ ಕೈ ಮುಂದೆ ಚಾಚಿ ನಿಲ್ಲುವುದು, ಸೂಪರ್‌ವೈಸರ್ ಒಬ್ಬೊಬ್ಬರದೇ ನೋಡುತ್ತ ಹೋಗುವುದು.

ಇಂಗಾಲದ ಪುಡಿ ಹತ್ತಿದ ಹತ್ತಿಬಟ್ಟೆಯನ್ನು ಬೆಳ್ಳಗೆ ಮಾಡಿ ನೋಡಿದ್ದೀರಾ? ಸೋಪಿಗೆ ಅದು ಜಗ್ಗುವುದಿಲ್ಲ. ಉಜ್ಜಿದಷ್ಟೂ ಬೂದುಬಣ್ಣ ಹರಡುತ್ತದೆ. ಉಳಿದವರು ಬಾಗಿಲಲ್ಲಿ ಬೈಸಿಕೊಂಡರು. ಒದ್ದೆಕೈಯ ಹೆಂಡತಿ ಮಾತ್ರ ಸೋಲು ಒಪ್ಪುವ ಹೆಂಗಸಲ್ಲ. ಹಳೆಯ ಪಾತ್ರೆಯೊಂದನ್ನು ಒಲೆಯ ಮೇಲಿಟ್ಟು, ಬಟ್ಟೆಸೋಡಾ ಧಾರಾಳವಾಗಿ ಸುರಿದು, ಗ್ಲೌಸನ್ನು ಕುದಿಸಿ, ಕೋಲಿನಿಂದ ತಿರುವಿ, ಕಲ್ಲಿಗೆ ಬಡಿದು, ಮತ್ತೆ ಕುದಿಸುತ್ತಿದ್ದಳು. ನಲ್ಲಿಯ ನೀರು ಬರುತ್ತಿದ್ದುದೇ ಎಳೆಯಷ್ಟು. ಹಾಗಾಗಿ ಜಾಲಿಸುವುದು ಕಡಿಮೆಯೇ. ಮಾಳಿಗೆಯ ತಂತಿಯ ಮೇಲೆ ಅವು ಒಣಗುವಾಗ ಬೀದಿಯ ಕೊನೆಯಿಂದಲೂ ಕಾಣುತ್ತಿದ್ದವು. ಮುಟ್ಟಿದರೆ ಸ್ವಲ್ಪ ಗರಿಗರಿ ಅನ್ನಿಸುತ್ತಿತ್ತು. ಚೊಕ್ಕಟ ಎಂದರೆ ಹಾಗೇ ಅಲ್ಲವೇ ಎಂದುಕೊಂಡರು ಗಂಡಹೆಂಡತಿ.

"ಬಿಳಿ ಅಂದ್ರೆ ಇದು ಕಣ್ರಯ್ಯ" ಎಂದು ಸೂಪರ್‌ವೈಸರ್ ಒದ್ದೆಕೈಯ ಎರಡೂ ಕೈ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ. "ನೋಡಿ ಕಲೀರಿ."

"ಅವನ ಕೈದೇನಿದೆ ಸಾರ್, ಎಲ್ಲಾ ನಮ್ಮ ಅತ್ತಿಗೆ ಕೈಗುಣ" ಅಂದ ಕುಂಚದವನು.

ಆ ಮಾತನ್ನು ಒದ್ದೆಕೈ ಮನೆಗೆ ಹೊತ್ತು ತಂದ. ಹೆಂಡತಿ, "ಅವರಿಗೇನ್ ಕೆಲಸ, ಸುಮ್ನಿರಿ" ಅಂದಳು. ಅಂದವಳು ಮಾರನೆಯ ದಿನ ಸೋಡಾ ಇನ್ನೊಂದು ಹಿಡಿ ಹೆಚ್ಚು ಹಾಕಿದಳು.

ಕಾರ್ಖಾನೆಯ ಪ್ರಯೋಗಾಲಯದಲ್ಲಿ ಆಗಾಗ ಒಂದು ಸಿದ್ಧ ಬಿಲ್ಲೆಯನ್ನು ಕುಲುಮೆಯಲ್ಲಿಟ್ಟು, ಅದು ಎಷ್ಟು ತಾಳುತ್ತದೆಂದು ನೋಡುವ ಪದ್ಧತಿ. ಹಾಗೆ ಇಟ್ಟಿದ್ದೊಂದು ತಾಳಲಿಲ್ಲ. ಹೊರಗೆ ತೆಗೆದಾಗ ಅಂಚಿನ ಒಂದು ಕಡೆ ಉಗುರಿನಿಂದ ಕೆರೆದರೆ ಉದುರುವಷ್ಟು ಮೆತ್ತಗಾಗಿತ್ತು. ಎಲ್ಲ ಕಡೆಯೂ ಅಲ್ಲ. ಮೇಲ್ಗಡೆ ಒಂದು ಗುಳಿ, ಕೆಳಗಡೆ ಸಾಲಾಗಿ ನಾಲ್ಕು. ಎದುರಿನ ಅಂಚಿನಲ್ಲೂ ಹಾಗೇ.

ಒದ್ದೆಕೈಯನ್ನು ಕರೆಸಿದರು. ಮೇಜಿನ ಮೇಲೆ ಬಿಲ್ಲೆ. ಒಂದು ಕಡೆ ಸೂಪರ್‌ವೈಸರ್, ಇನ್ನೊಂದು ಕಡೆ ಪ್ರಯೋಗಾಲಯದ ಮೇಡಂ.

"ಅಲ್ಲಿ ಕೈ ಇಡಯ್ಯ" ಅಂದ ಸೂಪರ್‌ವೈಸರ್.

ಇಟ್ಟ. ಹೆಬ್ಬೆರಳು ಮೇಲಿನ ಗುಳಿಯಲ್ಲಿ, ಉಳಿದ ನಾಲ್ಕು ಕೆಳಗಿನ ಗುಳಿಗಳಲ್ಲಿ ತಾವಾಗಿಯೇ ಹೋಗಿ ಕೂತವು.

"ಅಳತೆ ಕೊಟ್ಟು ಹೊಲಿಸಿದ ಹಾಗಿದೆಯಲ್ಲಯ್ಯ."

ಮೇಡಂ ನಡುವೆ ಬಾಯಿ ಹಾಕಿದಳು. "ಒಂದ್ನಿಮಿಷ ಸಾರ್. ಬರೀ ಬೆವರಿಂದ ಇಷ್ಟೊಂದು ಸೋಡಿಯಂ ಬರಲ್ಲ. ಇದು ಬಟ್ಟೆಸೋಡಾ ಇದ್ದಂಗಿದೆ, ಅದೂ ಉಪ್ಪಿನ ಜಾತೀನೇ. ಗ್ಲೌಸಲ್ಲಿ ಉಳ್ಕೊಂಡಿದ್ದು ಬೆವರಲ್ಲಿ ಕರಗಿ ಡಿಸ್ಕಿಗೆ ಇಳಿದಿರ್ಬೇಕು. ನಿಮ್ಮನೇಲಿ ಗ್ಲೌಸ್ ಯಾವುದ್ರಲ್ಲಿ ಒಗೀತಾರೆ?"

ಅವನಿಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ಒಲೆ, ಪಾತ್ರೆ, ಕೋಲು, ಗರಿಗರಿ. ಇನ್ನೊಂದು ಹಿಡಿ.

"ಯಾರು ಒಗೆಯೋದು, ಹೆಂಡ್ತೀನಾ?" ಸೂಪರ್‌ವೈಸರ್ ಕೇಳಿದ. "ನಾಳೆ ಕರ್ಕೊಂಡ್ ಬಾ ಅವಳನ್ನ. ಇಷ್ಟು ಜನರ ಪ್ರಾಣದ ವಿಷಯ. ಏನ್ ಹಾಕಿ ಕೆಡಿಸಿದಾಳೋ ಎಲ್ಲರ ಮುಂದೆ ಅವಳೇ ಬಾಯ್ಬಿಟ್ಟು ಹೇಳ್ಲಿ."

"ಗ್ಲೌಸಿಂದ ಅಲ್ಲ ಸಾರ್" ಅಂದ ಒದ್ದೆಕೈ. "ನಾನೇ ಬಿಚ್ಚಿದ್ದೆ."

"ಏನು?"

"ಒಳಗೆಲ್ಲ ನೀರಾಗ್ತಿತ್ತು. ಬಿಚ್ಚಿಟ್ಟು ಬರೀ ಕೈಲಿ ಎತ್ತಿದೀನಿ."

ಮೇಡಂ ತಲೆಯೆತ್ತಿ ಅವನನ್ನೇ ನೋಡಿದಳು. ಸುಳ್ಳೆಂದು ಅವಳಿಗೆ ಗೊತ್ತು. ಅವಳ ಎದುರಿಗಿದ್ದ ಬಿಲ್ಲೆಯೇ ಹೇಳುತ್ತಿತ್ತು. ಆದರೆ ತಪ್ಪೊಪ್ಪಿಕೊಂಡವನೊಬ್ಬ ಎದುರಿಗೆ ನಿಂತಿರುವಾಗ ಇನ್ನೂ ಅಗೆಯುವುದು ಯಾರಿಗೆ ಬೇಕು? ಅಗೆದರೆ ಗ್ಲೌಸಿನ ನಿಯಮ ಬರೆದವರ ಕಾಲಬುಡಕ್ಕೆ ಬರುತ್ತದೆ. ಅವಳೂ ಸಂಬಳಕ್ಕಿದ್ದವಳು. ತಲೆ ತಗ್ಗಿಸಿದಳು.

ಸೂಪರ್‌ವೈಸರ್ ದನಿ ಎತ್ತರಿಸಲಿಲ್ಲ. "ಗ್ಲೌಸ್ ಹಾಕಿದ್ಮೇಲೆ ಎಲ್ಲರ ಕೈಯೂ ಒಂದೇ ಅಂತ ನಿನ್ನ ಸೇರಿಸ್ಕೊಂಡೆ. ಅದನ್ನೇ ಬಿಚ್ಚಿಬಿಟ್ಟೆಯಲ್ಲಯ್ಯ" ಅಂದ.

ಕೆಲಸ ಕಳೆದುಕೊಂಡು ಹೊರಗೆ ಬರುವಾಗ ಅವನು ಮತ್ತೆ ಒದ್ದೆಕೈ ಆಗಿದ್ದ. ಜೊತೆಗೆ ಕೆಲಸ ಮಾಡಿದವರೇ ಅವನು ಹಿಡಿದಿದ್ದ ಬಾಗಿಲ ಹಿಡಿಯನ್ನು ಬಟ್ಟೆಯಿಂದ ಹಿಡಿದು ತೆರೆದರು.

ಮನೆಯಲ್ಲಿ ಹೇಳಿದ್ದು, ಕೆಲಸ ಕಡಿಮೆ ಇದೆಯಂತೆ, ಸ್ವಲ್ಪ ದಿನ ಬರಬೇಡಿ ಅಂದಿದ್ದಾರೆ ಎಂದು. ಹೆಂಡತಿ ನಂಬಿದಳೋ, ನಂಬಿದಂತೆ ಇದ್ದಳೋ. ಕೊನೆಯ ಜೊತೆ ಗ್ಲೌಸನ್ನು ಕುದಿಸಿ ಒಣಗಿಸಿ ಮಡಿಚಿಟ್ಟಳು. ಕರೆದ ದಿನ ಬೇಕಾಗುತ್ತದಲ್ಲ.

ಗುಟ್ಟು ಅಲ್ಲಿಗೇ ಮುಗಿಯುತ್ತಿತ್ತು. ಒಂದು ಮಧ್ಯಾಹ್ನ ಕುಂಚದವನ ಹೆಂಡತಿ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಮೆಟ್ಟಿಲು ಹತ್ತಿ ಬರದೇ ಇದ್ದಿದ್ದರೆ.

"ಅಕ್ಕಾ, ನಂಗೊಂದು ಗುಟ್ಟು ಹೇಳ್ಕೊಡಿ" ಎಂದು ಗಂಡನ ಗ್ಲೌಸನ್ನು ನೆಲದ ಮೇಲೆ ಹರಡಿದಳು. ಬೂದಿಯ ಬಣ್ಣ. "ದಿನಾ ಬಾಗಿಲಲ್ಲಿ ಬೈಸ್ಕೊಂಡು ಬರ್ತಾರೆ. ಮೊನ್ನೆ ವಾಪಸ್ಸೇ ಕಳಿಸಿದ್ರು. ಇನ್ನೊಂದ್ಸಲ ಕಳಿಸಿದ್ರೆ ನಾನೂ ನಿಮ್ಮ ಜೊತೆ ಕೂತು ಎಣ್ಣೆ ಕಾಣದ ಸಾರು ಮಾಡ್ಬೇಕಾಗುತ್ತೆ. ನಿಮ್ಮನೆಯವರದ್ದು ಹಂಗೆ ಹೊಳೀತಿತ್ತಲ್ಲ, ಅದೇನ್ ಹಾಕ್ತಿದ್ರಿ?"

ಒದ್ದೆಕೈಯ ಹೆಂಡತಿಯ ಮುಖ ಎಷ್ಟೋ ದಿನಗಳ ಮೇಲೆ ಅರಳಿತು. "ಗುಟ್ಟೇನ್ ಬಂತೇ, ಕೂತ್ಕೋ" ಎಂದು ಎದ್ದು ಕಪಾಟಿನಿಂದ ಡಬ್ಬಿ ತೆಗೆದಳು. ಮುಚ್ಚಳ ಬಿಚ್ಚಿದಳು.

ಕಿಟಕಿಯ ಬಳಿ ಕೂತಿದ್ದ ಒದ್ದೆಕೈಗೆ ದಾರಿ ಎರಡೇ ಇದ್ದವು. ಸುಮ್ಮನಿದ್ದರೆ ಹೆಂಡತಿಯ ನಗು ಉಳಿಯುತ್ತದೆ, ಕುಂಚದವನ ಕೈಯಿಂದಲೂ ಬಿಲ್ಲೆಗಳಿಗೆ ಸೋಡಾ ಇಳಿಯುತ್ತದೆ, ಅವು ಯಾವುದೋ ಚಕ್ರದಲ್ಲಿ ಹೋಗಿ ಕೂರುತ್ತವೆ, ಆ ಚಕ್ರದ ಮೇಲೆ ನೀವು ಕೂತಿರುತ್ತೀರಿ. ಬಾಯಿ ಬಿಟ್ಟರೆ ನಿಮಗೇನೂ ಆಗುವುದಿಲ್ಲ, ನಿಮಗೆ ತಿಳಿಯುವುದೂ ಇಲ್ಲ. ಆಗುವುದೇನಿದ್ದರೂ ಈ ಕೋಣೆಯಲ್ಲೇ ಆಗುತ್ತದೆ.

"ಅದನ್ನ ಕೊಡ್ಬೇಡ" ಅಂದ.

"ಯಾಕ್ರೀ? ನಮ್ಮನೆ ಗಂಟೇನ್ ಹೋಗುತ್ತೆ?"

"ಸೋಡಾ ಇರೋ ಗ್ಲೌಸಲ್ಲಿ ಮುಟ್ಟಿದ್ರೆ ಡಿಸ್ಕ್ ಬೇಗ ಉರಿದುಹೋಗುತ್ತೆ. ಮದ್ದು ಹಿಡಿಯಲ್ಲ."

"ಯಾರಂದ್ರು?"

"ಲ್ಯಾಬ್ ಮೇಡಂ."

"ಯಾವಾಗಂದ್ರು?"

ಅವನು ಕಿಟಕಿಯ ಕಡೆ ತಿರುಗಿದ. ಕುಂಚದವನ ಹೆಂಡತಿ ಗಂಡನ ಗ್ಲೌಸನ್ನು ಮೆಲ್ಲಗೆ ಮಡಿಸತೊಡಗಿದಳು.

"ಕೆಲಸ ಕಡಿಮೆ ಇದೆ ಅಂತ ಬಿಟ್ರು ಅಂದ್ರಿ ನೀವು" ಅಂದಳು ಹೆಂಡತಿ.

ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಕೂತಿದೆ ಎಂದು ಗೊತ್ತಿದ್ದೂ ಮತ್ತೆ ಒತ್ತಿದಳು, ಮತ್ತೂ ಒತ್ತಿದಳು.

ರಾತ್ರಿ ಅವನಿಂದ ಎಲ್ಲವನ್ನೂ ಹೇಳಿಸಿಕೊಂಡಳು. ಮಾರನೆಯ ದಿನ ಅವನು ಬೇಡವೆಂದರೂ ಕೇಳದೆ ಅವಳೇ ಮುಂದಾಗಿ ಕಾರ್ಖಾನೆಗೆ ನಡೆದಳು, ಅವನು ಹಿಂದೆ. ಅದೇ ಕೋಣೆ, ಅದೇ ಮೇಜು, ಅದೇ ಇಬ್ಬರು. "ಇವ್ರು ಏನೂ ಬಿಚ್ಚಿಲ್ಲ ಸಾರ್. ಸೋಡಾ ಹಾಕಿದ್ದು ನಾನು. ನೀವೇ ಬಿಳಿ ಬೇಕು ಅಂದ್ರಂತಲ್ಲ" ಅಂದಳು.

"ಬಿಳಿ ಬೇಕು ಅಂದ್ವಿ ಕಣಮ್ಮ. ಸೋಡಾ ಹಾಕು ಅಂದ್ವಾ?"

ಆಗ ಮೇಡಂ ಬಾಯಿಬಿಟ್ಟಳು. ಮೊದಲ ದಿನವೇ ಆಡಬೇಕಾಗಿದ್ದ ಮಾತು. "ನಿಜ ಹೇಳ್ಬೇಕಂದ್ರೆ ಸಾರ್, ಗ್ಲೌಸ್ ಬಿಳಿ ಇರೋ ಅಗತ್ಯವೇ ಇರ್ಲಿಲ್ಲ. ಅದರ ಮೇಲಿರೋ ಕಪ್ಪು ಈ ಡಿಸ್ಕಿನ ಪುಡೀನೇ. ಕಾರ್ಬನ್ನಿಗೆ ಕಾರ್ಬನ್ ತಾಗಿದ್ರೆ ಏನೂ ಆಗಲ್ಲ."

ಓದಿದಿರಾ? ಕೊಳೆ ಎಂದು ಬಾಗಿಲಲ್ಲಿ ಬೈದು ವಾಪಸ್ಸು ಕಳಿಸಿದ ಗ್ಲೌಸಿನ ಕಪ್ಪಿನಿಂದ ಬಿಲ್ಲೆಗೆ ಏನೂ ಆಗುತ್ತಿರಲಿಲ್ಲ. ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ ಗ್ಲೌಸೇ ಬಿಲ್ಲೆಯನ್ನು ತಿಂದಿತು. ಬೆಳಿಗ್ಗೆ ಬೆಳಿಗ್ಗೆ ನಿಂತು ಕಾರ್ಖಾನೆ ತಪಾಸಣೆ ಮಾಡುತ್ತಿದ್ದುದು ಬಣ್ಣವನ್ನು. ಬಣ್ಣ ನೋಡಲು ಕಣ್ಣಿದ್ದರೆ ಸಾಕು. ಬೇರೇನು ನೋಡಬೇಕಾದರೂ ಖರ್ಚು.

ಸೂಪರ್‌ವೈಸರ್ ಬಿಲ್ಲೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಒದ್ದೆಕೈಯ ಕಡೆ ತಿರುಗಿದ. "ಹಂಗಾದ್ರೆ ಅವತ್ತು ನೀನು ಸುಳ್ಳು ಹೇಳ್ದೆ."

"ಹೌದು ಸಾರ್."

"ಬೆವರೋ ಕೈಗೆ ಗ್ಲೌಸ್ ಹಾಕ್ಬಹುದಯ್ಯ. ಸುಳ್ಳು ಹೇಳೋ ಬಾಯಿಗೆ ಏನ್ ಹಾಕ್ಲಿ? ಅಂಥವನ್ನ ಬ್ರೇಕ್ ಮುಟ್ಟೋಕೆ ಬಿಡ್ಲಾ?"

ಆ ಮಾತಿನಲ್ಲೂ ನಿಜವಿತ್ತು. ಅದೇ ಹೊಟ್ಟೆ ಉರಿಸುವುದು. ಸುಳ್ಳು ಹೇಳಿದ್ದಕ್ಕೆ ಒಮ್ಮೆ ಕೆಲಸ ಹೋಯಿತು, ನಿಜ ಹೇಳಿದ್ದಕ್ಕೆ ಅದು ಮತ್ತೆ ಸಿಗುವ ದಾರಿಯೂ ಹೋಯಿತು. ಕಾರ್ಖಾನೆ ಚೆನ್ನಾಗಿ ಕೈ ತೊಳೆದುಕೊಂಡಿತು, ಅದೂ ಸೋಡಾ ಹಾಕದೆ.

ಆಮೇಲೆ ಬಾಗಿಲಲ್ಲಿ ಒಂದು ಬೋರ್ಡು ಬಂತು. ಕೈಗವಸುಗಳನ್ನು ಮನೆಯಲ್ಲಿ ಒಗೆಯುವಾಗ ಸೋಡಾ ಬಳಸಕೂಡದು, ತಪ್ಪಿದರೆ ನೌಕರರೇ ಹೊಣೆ. ಮನೆಯಲ್ಲಿ ಒಗೆಯುವುದು ನಿಲ್ಲಲಿಲ್ಲ. ಬಿಳಿ ನೋಡುವುದೂ ನಿಲ್ಲಲಿಲ್ಲ. ಕುಂಚದವನು ಒಂದು ಸಂಜೆ ಬೀದಿಯಲ್ಲಿ ಸಿಕ್ಕಿದಾಗ ಅಕ್ಕಪಕ್ಕ ನೋಡಿ ದನಿ ತಗ್ಗಿಸಿದ.

"ಈಗ ನಮ್ಮವಳು ಬ್ಲೀಚಿಂಗ್ ಪೌಡರ್ ಹಾಕ್ತಾಳೆ ಮಾರಾಯ. ಬೋರ್ಡಲ್ಲಿ ಅದರ ಹೆಸರಿಲ್ಲ."

"ಅದೂ ಉಪ್ಪಿನ ಜಾತೀದೇ ಇರ್ಬಹುದು ಕಣೋ."

"ಇರ್ಬಹುದು. ನೀನು ಹೋಗಿ ಹೇಳ್ತೀಯಾ?"

ಒದ್ದೆಕೈ ಹೇಳಲಿಲ್ಲ. ಹೇಳುವ ಬಾಯಿಯನ್ನು ಅವರು ಆಗಲೇ ಮುಚ್ಚಿದ್ದರು. ಕುಂಚದವನು ಈ ಸಲ ನಗಿಸುವ ಮಾತೇನೂ ಆಡದೆ ಹೋದ. ಈಗ ತಲೆಯ ಮೇಲೆ ವಿಮಾನ ಹೋದಾಗಲೆಲ್ಲ ಒದ್ದೆಕೈ ಮಾತು ನಿಲ್ಲಿಸುತ್ತಾನೆ. ಕಣ್ಣೆತ್ತಿ ನೋಡುವುದಿಲ್ಲ. ಸದ್ದು ಪೂರ್ತಿ ಅಡಗುವವರೆಗೆ ಕಾಯುತ್ತಾನೆ. ತನ್ನ ಬೆರಳು ಬಿದ್ದ ಬಿಲ್ಲೆಗಳು ಯಾವ ಯಾವ ಚಕ್ರ ಸೇರಿವೆಯೋ, ಅವುಗಳನ್ನು ಯಾರಾದರೂ ವಾಪಸ್ಸು ತರಿಸಿದರೋ ಇಲ್ಲವೋ ಅವನಿಗೆ ಯಾರೂ ಹೇಳಿಲ್ಲ. ಕೇಳಲು ಹೋದವನನ್ನು ಗೇಟಿನಲ್ಲೇ ತಡೆದರು.

ಮನೆಯಲ್ಲಿ ಈಗ ಬಿಳಿಯ ಬಟ್ಟೆ ಒಗೆಯುವುದಿಲ್ಲ. ಮಡಿಚಿಟ್ಟ ಆ ಕೊನೆಯ ಜೊತೆ ಗ್ಲೌಸು ಎಲ್ಲಿ ಹೋಯಿತೆಂದು ಅವನು ಕೇಳಿಲ್ಲ. ಹೆಂಡತಿ ಲೋಟವನ್ನು ಅವನ ಕೈಗೆ ಕೊಡುವುದಿಲ್ಲ, ಪಕ್ಕದಲ್ಲಿ ಇಟ್ಟು ಹೋಗುತ್ತಾಳೆ. ಬಸ್ಸು ಹತ್ತುವಾಗ ಅವನು ಕೈ ಚಾಚಿದರೆ ಕಂಬಿ ಹಿಡಿದುಕೊಳ್ಳುತ್ತಾಳೆ. ನೋಡಿದವರು ಪಾಪ, ಅವಳಿಗೂ ಗಂಡನ ಒದ್ದೆಕೈ ಸಾಕಾಯಿತು ಅಂದುಕೊಳ್ಳುತ್ತಾರೆ. ಅವಳಿಗೆ ಹೆದರಿಕೆ ಅವನ ಕೈಯದಲ್ಲ, ತನ್ನ ಕೈಯದು. ಕೈಗುಣ ಎಂದು ಹೊಗಳಿಸಿಕೊಂಡ ಕೈ ಅದು. ಬೀದಿಯಲ್ಲಿ ಇದನ್ನು ಬಲ್ಲವನು ಅವನೊಬ್ಬನೇ. ಬಲ್ಲೆನೆಂದು ಅವಳಿಗೆ ಹೇಳುವ ಮಾತು ಅವನಿಗೆ ಸಿಕ್ಕಿಲ್ಲ.

ಕೈ ಕೊಡುವುದು ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ಕಾರ್ಖಾನೆ, ಮೇಡಂ, ಜೊತೆಗಾರರು, ಎಲ್ಲರೂ ಅವನಿಗೆ ಎರಡನೆಯ ಅರ್ಥದಲ್ಲೇ ಕೈ ಕೊಟ್ಟರು. ಮುಂದಿನ ಸಲ ನಿಮ್ಮ ವಿಮಾನ ನೆಲ ಮುಟ್ಟಿ, ಗಕ್ಕನೆ ಹಿಡಿದು, ನಿಂತಾಗ ಚೀಲಕ್ಕೆ ಕೈ ಹಾಕುವ ಮೊದಲು ಕೇಳಿ: ಇದನ್ನು ಮುಟ್ಟಿದ ಗ್ಲೌಸನ್ನು ಒಗೆದವರು ಯಾರು, ಏತರಲ್ಲಿ ಒಗೆದರು, ಅದನ್ನು ಅವರ ಮನೆಗೆ ಕಳಿಸಿದವರು ಯಾರು? ಹೊರಗೆ ಬಂದು ರಸ್ತೆಯಲ್ಲೋ ಬಸ್ಸಿನಲ್ಲೋ ಅಂಗೈ ಮುಷ್ಟಿ ಮಾಡಿಕೊಂಡು ಓಡಾಡುವವನೊಬ್ಬ ಕಂಡರೆ ಅವನ ಮುಷ್ಟಿ ಬಿಡಿಸಿ, ಮೊದಲನೆಯ ಅರ್ಥದಲ್ಲಿ ಕೈ ಕೊಡಿ. ಕೊಟ್ಟ ಮೇಲೆ ಒರೆಸಿಕೊಳ್ಳಬೇಡಿ.